ತೊಂಬತ್ತು ನಿಮಿಷದ ತೊಟ್ಟಿಲು

ಕಲಘಟಗಿಯ ಈರೇಶನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ತಕರಾರು. ಎಲ್ಲಿಗೆ ಹೊರಟರೂ ಮಹಾನಂದಾ ಎರಡು ತಾಸು ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹನ್ನೊಂದರ ಬಸ್ಸಿಗೆ ಒಂಬತ್ತಕ್ಕೇ ಹೋಗಿ ಕೂತು ಕೂತು, ಬಸ್ ಸ್ಟ್ಯಾಂಡಿನ ನಾಯಿಗಳಿಗೂ ಅವನ ಗುರುತು ಸಿಕ್ಕಿತ್ತು.

ಆದರೆ ಈ ಸಲ ಅವನ ಕೈಯಲ್ಲಿ ಬ್ರಹ್ಮಾಸ್ತ್ರವಿತ್ತು. ಆಸ್ಪತ್ರೆಯಿಂದ ಹೊರಟ ಅಂಬುಲೆನ್ಸ್ ಅರ್ಧ ತಾಸಿನಲ್ಲಿ ಯಾವ ಊರುಗಳನ್ನು ಮುಟ್ಟಬಲ್ಲದು ಎಂದು ಕಂಪ್ಯೂಟರಿನಲ್ಲಿ ನಕಾಶೆ ಮಾಡುವುದು ಅವನ ನೌಕರಿ. ರಸ್ತೆಯ ಪ್ರತಿ ತುಂಡಿನ ಉದ್ದ, ಅದರ ಮೇಲೆ ಗಾಡಿ ಓಡುವ ವೇಗ, ಎಲ್ಲವನ್ನೂ ಡೇಟಾಬೇಸಿಗೆ ತುಂಬಿ ಆಜ್ಞೆ ಕೊಟ್ಟರೆ ಸಾಕು. ಅದು ಒಂದು ಜಾಗದಿಂದ ಹೊರಟು, ಎಲ್ಲ ದಾರಿಗಳಲ್ಲೂ ನಿಮಿಷ ಕೂಡಿಸುತ್ತ ಹೋಗಿ, ಹೊತ್ತು ತೀರಿದಲ್ಲಿ ಚುಕ್ಕೆ ಇಟ್ಟು, ಚುಕ್ಕೆಗಳ ಸುತ್ತ ಗೆರೆ ಎಳೆಯುತ್ತದೆ. ಗೆರೆಯ ಒಳಗಿನ ಊರು ಸಿಗುತ್ತದೆ, ಹೊರಗಿನದು ಸಿಗುವುದಿಲ್ಲ. ಮನೆತನದ ಮೊದಲ ಪದವೀಧರನಾದ ಈರೇಶನಿಗೆ ಆ ಗೆರೆಯೆಂದರೆ ಹಣೆಬರಹಕ್ಕಿಂತ ಗಟ್ಟಿ.

ಮರುದಿನ ಮೊರಬದಲ್ಲಿ ಮಹಾನಂದಾಳ ತಮ್ಮ ಸುಭಾಸನ ಎರಡನೆಯ ಕೂಸಿಗೆ ಹೆಸರಿಡುವ ಕಾರ್ಯ. ಕಲಘಟಗಿಯ ಬಣ್ಣದ ತೊಟ್ಟಿಲು ಒಯ್ಯುವ ಜವಾಬ್ದಾರಿ ಇವರದು. ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಿ, ನೆರೆದ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವ ಭಾಗ್ಯ ಸೋದರತ್ತೆಯದು. ಮೊದಲ ಕೂಸಿಗೆ ಮಹಾನಂದಾ ತಲುಪುವುದು ತಡವಾಗಿ, ಆ ಭಾಗ್ಯವನ್ನು ತಂಗಿ ಅನ್ನಪೂರ್ಣಾ ಹೊಡೆದುಕೊಂಡಿದ್ದಳು. ಮೂರು ವರ್ಷವಾದರೂ ಆ ಉರಿ ಆರಿರಲಿಲ್ಲ; ಎರಡು ತಾಸು ಮೊದಲೇ ಹೊರಡುವ ಚಟ ಹತ್ತಿದ್ದೂ ಅಂದಿನಿಂದಲೇ.

"ಹನ್ನೆರಡರ ಒಳಗ ಹೆಸರಿಡಬೇಕು. ಎಂಟಕ್ಕ ಹೊರಡೂಣ್ರಿ."

"ಇಲ್ನೋಡ," ಎಂದು ಈರೇಶ ಲ್ಯಾಪ್‌ಟಾಪ್ ತಿರುಗಿಸಿದ. "ಇದು ತೊಂಬತ್ತು ನಿಮಿಷದ ಗೆರಿ. ಮೊರಬ ಒಳಗ ಬಿದ್ದೈತಿ. ಹತ್ತೂಕಾಲಕ್ಕ ಬಿಟ್ರೂ ಹದಿನೈದು ನಿಮಿಷ ಉಳೀತಾವ."

ಮಹಾನಂದಾ ಬಗ್ಗಿ ನೋಡಿದಳು. "ನಾ ಮೊದಲನೇ ಸಲ ಬಡದ ರೊಟ್ಟಿ ಹಿಂಗ ಇತ್ತು."

"ರೊಟ್ಟಿ ಅಲ್ಲ, ಶಾಸ್ತ್ರ! ಅಂಬುಲೆನ್ಸಿಗೆ ನಡೀತೈತಿ, ನಿನಗ ನಡಿಯೂದಿಲ್ಲೇನ?"

"ನಡೀಲಿ. ಈ ಸಲಾನೂ ಅನ್ನಪೂರ್ಣಾ ಗುದ್ದು ತಿಂದ್ಲಂದ್ರ, ನಿಮಗ ನಾ ಕೊಡ್ತೀನಿ."

ಹತ್ತೂಕಾಲಕ್ಕೆ ಸರಿಯಾಗಿ ಗೂಡ್ಸ್ ಗಾಡಿ ಹೊರಟಿತು. ಹಸಿ ಬಣ್ಣ ಉಜ್ಜದಿರಲೆಂದು ಬಡಿಗ ಅಂದಾನೆಪ್ಪ, ಹಿಂದಿನ ಕಬ್ಬಿಣದ ಚೌಕಟ್ಟಿಗೆ ತೊಟ್ಟಿಲನ್ನು ನಾಲ್ಕೂ ಸರಪಳಿಯಿಂದ ತೂಗುಹಾಕಿದ್ದ. ಮೊದಲ ಹಂಪ್ಸ್ ಬಂತು. ತೊಟ್ಟಿಲು ಗಂಭೀರವಾಗಿ ತೂಗಿತು.

"ನಿಲ್ಲಸಪಾ ಹುಲಿಗೇಶ!" ಮಹಾನಂದಾ ಚೀರಿದಳು. "ಬರೇ ತೊಟ್ಟಲಾ ತೂಗಬಾರದು! ಕೂಸಿಗೆ ಒಳ್ಳೇದಲ್ಲ!"

ಆ ಕ್ಷಣದಿಂದ ಗಾಡಿ ಮದುವಣಗಿತ್ತಿಯ ಹಾಗೆ ನಡೆಯತೊಡಗಿತು. ಈರೇಶನನ್ನು ಹಿಂದಕ್ಕೆ ಅಟ್ಟಿ ತೊಟ್ಟಿಲು ಹಿಡಿಸಿದ್ದಾಯಿತು. ತೊಟ್ಟಿಲೇ ಅವನನ್ನು ಹಿಡಿದುಕೊಂಡು ತೂಗಿತು. ಮಿಶ್ರಿಕೋಟಿಯ ಹತ್ತಿರ ಬಂದಾಗ ಒಂದು ಸೈಕಲ್ಲು ಗಂಟೆ ಬಾರಿಸಿ ಮುಂದೆ ಹೋಯಿತು. (ಡೇಟಾಬೇಸಿನಲ್ಲಿ ಡಾಂಬರಿಗೊಂದು ವೇಗ, ಕಚ್ಚಾ ರಸ್ತೆಗೊಂದು ವೇಗವಿತ್ತು. ಬರಿ ತೊಟ್ಟಿಲು ಹೊತ್ತ ಗಾಡಿಯ ವೇಗಕ್ಕೆ ಅಲ್ಲಿ ಕಾಲಮ್ಮೇ ಇರಲಿಲ್ಲ.)

"ಹಿಂಗ ಹೋದ್ರ ಕೂಸನ್ನ ಸಾಲಿಗೆ ಹಚ್ಚೂ ಹೊತ್ತಿಗೆ ಮುಟ್ಟತೇವ್ರಿ," ಎಂದು ಡ್ರೈವರ್ ಹುಲಿಗೇಶ ತಲೆ ಕೆರೆದುಕೊಂಡ. "ಅಕ್ಕಾರ, ಬರೇ ತೊಟ್ಟಲಾ ತೂಗಬಾರದು, ಖರೆ. ತುಂಬಿದ್ದು ತೂಗಿದ್ರ?"

ಮಹಾನಂದಾ ಗಂಡನನ್ನು ನೋಡಿದಳು. ಅಳತೆ ತೆಗೆಯುವ ದರ್ಜಿಯ ನೋಟ ಅದು.

"ಏ, ಹುಚ್ಚು ಹಿಡದೈತೇನ? ನಾ ಸರಕಾರಿ ಆಫೀಸಿನಾಗ ಕೆಲಸ ಮಾಡಾಂವ!"

"ಗೆರಿ ನಿಮ್ದು. ಹದಿನೈದು ನಿಮಿಷ ಉಳಿಸಿದವರು ನೀವು. ಹತ್ರಿ."

ಹತ್ತಿದ. ಮೊಣಕಾಲು ಗದ್ದಕ್ಕೆ ತಾಗಿಸಿ, ಗಿಳಿ ಮತ್ತು ತಾವರೆಗಳ ನಡುವೆ ಮುದುಡಿ ಕೂತ. ಗಾಡಿ ಬಾಣದಂತೆ ಹೊರಟಿತು. ಹುಬ್ಬಳ್ಳಿಯ ಸಿಗ್ನಲ್ಲುಗಳಲ್ಲಿ ಬೈಕಿನವರು ಮೊಬೈಲ್ ಹಿಡಿದರು. ಎದುರಿನ ಬಸ್ಸಿನಿಂದ ಒಂದು ಮುದುಕಿ ಕೈಮುಗಿದಳು. ಈರೇಶ ಕಣ್ಣುಮುಚ್ಚಿ ಮನಸ್ಸಿನಲ್ಲೇ ಪ್ರತಿ ತುಂಡು ರಸ್ತೆಯ ನಿಮಿಷ ಕೂಡಿಸುತ್ತಿದ್ದ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಗಾಡಿ ಮೊರಬದ ಮನೆಯ ಮುಂದೆ ನಿಂತಿತು. ಒಳಗೆ ಅನ್ನಪೂರ್ಣಾ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಸಿನ ಕಿವಿಗೆ ಬಾಗಿದ್ದಳು. ಸದ್ದು ಕೇಳಿ ಎಲ್ಲರೂ ಹೊರಗೆ ಬಂದರು. ತೊಟ್ಟಿಲಿಗೆ ಆರತಿ ತಂದ ಅತ್ತೆ ರೇವವ್ವ, ಅದರೊಳಗೆ ಅಳಿಯನನ್ನು ಕಂಡು ಒಂದು ಗಳಿಗೆ ತಡೆದು, ತಂದ ಆರತಿಯನ್ನು ಕೆಡಿಸಬಾರದೆಂದು ಬೆಳಗಿಯೇ ಬಿಟ್ಟಳು.

"ಯವ್ವಾ, ಈ ಕೂಸಿಗೆ ಆಗಲೇ ಮೀಸಿ ಬಂದಾವಲ್ಲಬೇ!" ಎಂದಳು ಅನ್ನಪೂರ್ಣಾ.

"ಲೆಕ್ಕ ತಪ್ಪಿಲ್ಲ," ಎಂದು ಈರೇಶ ತೊಟ್ಟಿಲಿನಿಂದಲೇ ಗಡಿಯಾರ ತೋರಿಸಿದ. "ಗೆರಿ ಗೆರಿನ. ಬರೇ ಹತ್ತು ನಿಮಿಷ ಹೆಚ್ಚಿಗಿ..."

ಮಹಾನಂದಾ ಅವನ ಮೇಲೆ ಬಾಗಿದಳು. ಹೆಂಗಸರೆಲ್ಲ ಹತ್ತಿರ ಸರಿದರು.

"ಕುರ್ರ್," ಎಂದಳು ಅವನ ಕಿವಿಯಲ್ಲಿ. "ಇನ್ನಮ್ಯಾಲೆ ನಾ ಎಂಟಕ್ಕಂದ್ರ ಎಂಟಕ್ಕ."

ಆಮೇಲೆ ನಿಜವಾದ ಕೂಸಿನ ಕಿವಿಗೆ ಹೆಸರು ಹೇಳಲು ಗೆದ್ದವಳಂತೆ ಒಳಗೆ ನಡೆದಳು. ಗುದ್ದಲೆಂದು ಕೈ ಎತ್ತಿ ಕಾದಿದ್ದ ಹೆಂಗಸರಿಗೆ ಮಾತ್ರ ಅಷ್ಟು ತಾಳ್ಮೆಯಿರಲಿಲ್ಲ. ಈರೇಶನ ಬೆನ್ನು ಕೈಗೆ ಎಟುಕುವ ಗೆರೆಯೊಳಗೇ ಇತ್ತು.