ಚಿಲ್ಲರೆ ಇಳಿಯುವಾಗ ತಗೊಳ್ಳಿ

ನಮ್ಮಪ್ಪ ಸಿಟಿ ಬಸ್ ಕಂಡಕ್ಟರು. ರಿಟೈರ್‌ಮೆಂಟ್ ಹತ್ರ ಬಂತು ಅಂದಾಗಿಂದ ವಿದ್ಯಾರಣ್ಯಪುರಂನ ನಮ್ಮನೇಲಿ ಇಂಥದ್ದು ನಡೀತಾನೇ ಇತ್ತು ಕಣ್ರೀ! ಒಂದಕ್ಕೆ ನಕ್ಕು ಮುಗಿಸೋಷ್ಟ್ರಲ್ಲಿ ಇನ್ನೊಂದು. ಎಲ್ಲಾ ಒಂದೇ ಉಸಿರಿಗೆ ಹೇಳ್ಬುಡ್ತೀನಿ, ಮಧ್ಯ ತಡೀಬೇಡಿ.

ಅಮ್ಮನ ಆಸೆ

ಕಂಡಕ್ಟರ್ ಹತ್ರ ಚಿಲ್ಲರೆ ಇಲ್ದಿದ್ರೆ ಏನಂತಾರೆ? "ಇಳಿಯುವಾಗ ತಗೊಳ್ಳಿ." ನಮ್ಮಪ್ಪ ಮನೇಲೂ ಹಂಗೇ. ಯಾರು ದುಡ್ಡು ಕೇಳಿದ್ರೂ ಅದೇ ಮಾತು.

ಅಮ್ಮ ಹಜಾರದಲ್ಲೇ ಬ್ಲೌಸ್ ಹೊಲೀತಾಳೆ. ಸೋಫಾ ತುಂಬ ಯಾರ್ಯಾರದೋ ಬಟ್ಟೆ, ನಾವು ಕೂರೋದು ನೆಲದ ಮೇಲೆ. ಒಂದು ಪುಟ್ಟ ಮಳಿಗೆ ಹಿಡೀಬೇಕು, ಬೋರ್ಡ್ ಹಾಕ್ಬೇಕು ಅಂತ ಅವಳಿಗೆ ಮದುವೆ ಆದಾಗಿಂದ ಆಸೆ. ಅಡ್ವಾನ್ಸ್‌ಗೆ ಕೇಳಿದಾಗೆಲ್ಲ ಅಪ್ಪ, "ರಿಟೈರ್‌ಮೆಂಟ್ ದುಡ್ಡು ಬರತ್ತಲ್ಲ. ಕೊನೇ ದಿನ ನಾನು ಬಸ್ಸಿಂದ ಇಳೀತೀನಲ್ಲ, ಆಗ ತಗೊಳ್ಳೆ" ಅನ್ನೋರು.

"ಅಲ್ಲೀವರೆಗೂ ಕಾಯ್ತೀಯಾ ಅಮ್ಮ?" ಅಂದೆ.

"ಕಾಯ್ತಾನೇ ಇದೀನಿ ಕಣೇ. ನೀನು ಹುಟ್ಟಿದ್ದೇ ಮಧ್ಯದ ಸ್ಟಾಪಲ್ಲಿ!"

ಈಜುಕೊಳ ಇರೋ ಸೈಟು

ಎದುರುಮನೆ ಅಂಕಲ್ ಸೈಟ್ ಬ್ರೋಕರು. ಅಪ್ಪನ ದುಡ್ಡಿನ ಮೇಲೆ ಅವ್ರಿಗೆ ನಮಗಿಂತ ಪ್ರೀತಿ ಜಾಸ್ತಿ. "ಬ್ಯಾಂಕಲ್ಲಿ ಇಟ್ರೆ ಏನ್ ಬರತ್ತೆ ಸಾರ್? ಒಂದು ಸೈಟ್ ತಗೊಂಡು ಮರ್ತ್‌ಬುಡಿ" ಅಂತ ದಿನಾ ಗೇಟ್ ಹತ್ರ ಭಾಷಣ. ಅಪ್ಪನ ಮನಸ್ಸೂ ಆ ಕಡೆ ವಾಲ್ತಿತ್ತು.

ಒಂದು ಭಾನುವಾರ ಅವರ ಕಾರಲ್ಲೇ ಎಲ್ರೂ ಹೋದ್ವಿ. ಅಂಗಡಿ ಕೈ ಬಿಟ್ಟೋಯ್ತು ಅಂತ ದಾರಿಯುದ್ದಕ್ಕೂ ಅಮ್ಮನ ಮುಖ ಇಷ್ಟೇ ಇಷ್ಟಾಗಿತ್ತು. ಊರಾಚೆ ಎಲ್ಲೋ ಬಯಲು. ಕಲ್ಲು ನೆಟ್ಟಿದ್ರು, ಬಣ್ಣಬಣ್ಣದ ಬಾವುಟ ಕಟ್ಟಿದ್ರು. ಅಂಕಲ್ ಕೈ ಬೀಸಿ ಬೀಸಿ, "ಇಲ್ಲಿ ಪಾರ್ಕು, ಅಲ್ಲಿ ಈಜುಕೊಳ, ಆ ಕಡೆ ಕ್ಲಬ್ಬು" ಅಂತ ತೋರ್ಸಿದ್ರು.

ಅಪ್ಪ ಎಲ್ಲಾ ಕೇಳಿ ಒಂದೇ ಪ್ರಶ್ನೆ ಹಾಕಿದ್ರು. "ಲಾಸ್ಟ್ ಬಸ್ ಎಷ್ಟೊತ್ತಿಗೆ?"

"ಬಸ್ ಇನ್ನೂ ಇಲ್ಲ ಸಾರ್. ಬರತ್ತೆ ಮುಂದೆ."

"ನಮ್ ಡಿಪೋದವ್ರೇ ಬೇಡ ಅಂತ ಬುಟ್ಟಿರೋ ಜಾಗಕ್ಕೆ ನಾನ್ಯಾಕ್ರೀ ಬರ್ಲಿ?"

ವಾಪಸ್ ಬರ್ತಾ ಅಮ್ಮ ಹಾಡು ಗುನುಗ್ತಿದ್ಲು. ಅಷ್ಟ್ರಲ್ಲಿ ಅಪ್ಪ ಮುಂದಿನ ಸೀಟಿಂದ, "ಬಸ್ ಬರೋ ಕಡೆ ಒಂದು ನೋಡಿ ಸಾರ್" ಅಂದ್ಬುಟ್ರು. ಹಾಡು ಅಲ್ಲೇ ಸಡನ್ ಬ್ರೇಕ್!

ರಿಹರ್ಸಲ್

ಆಮೇಲೆ ಅಪ್ಪಂಗೆ ಒಂದು ಐಡಿಯಾ ಬಂತು. ರಿಟೈರ್ಡ್ ಲೈಫ್ ಎಂಗಿರತ್ತೆ ಅಂತ ಒಂದು ವಾರ ರಜ ಹಾಕಿ ಮನೇಲಿದ್ದು ನೋಡ್ತೀನಿ ಅಂದ್ರು. ನೋಡಿದ್ದು ನಾವು!

ಬೆಳಿಗ್ಗೆ ಅಳತೆ ಕೊಡಕ್ಕೆ ಹೆಂಗಸರು ಬಂದ್ರು. ಅಪ್ಪ ಹೋಗಿ ಬಾಗ್ಲಲ್ಲಿ ನಿಂತ್ಕೊಂಡು, "ಬಾಗ್ಲಲ್ಲಿ ನಿಲ್ಬೇಡಿ, ಒಳಗಡೆ ಎಲ್ಲಾ ಖಾಲಿ ಇದೆ, ಮುಂದೆ ಹೋಗಿ, ಮುಂದೆ ಹೋಗಿ" ಅಂತ ಶುರು. ಪಾಪ ಒಬ್ರು ಆಂಟಿ ಮುಂದೆ ಹೋಗ್ತಾ ಹೋಗ್ತಾ ಅಡುಗೆಮನೆ ದಾಟಿ ಹಿತ್ತಲಿಗೇ ಹೋಗ್ಬುಟ್ಟಿದ್ರು.

ಎರಡು ದಿನ ಅಮ್ಮ ತಡ್ಕೊಂಡ್ಲು. ಆಮೇಲೆ ಗುಟ್ಟಾಗಿ ಡಿಪೋಗೆ ಫೋನ್ ಮಾಡಿದ್ಲು. "ಸಾರ್, ನಮ್ಮನೆಯವ್ರ ರಜ ಕ್ಯಾನ್ಸಲ್ ಮಾಡಕ್ಕಾಗತ್ತಾ?"

"ಅವ್ರೇ ಬಂದು ಹೇಳ್ಬೇಕಮ್ಮ."

"ಅವ್ರು ಬರಲ್ಲ ಸಾರ್. ನೀವೇ ಬಂದು ಕರ್ಕೊಂಡು ಹೋಗಿ. ಮಧ್ಯಾಹ್ನದ ಊಟ ಬೇಕಾದ್ರೆ ಇಬ್ರಿಗೂ ನಾನೇ ಕಳಿಸ್ತೀನಿ."

ಆಧಾರ್ ತೋರ್ಸಿ ಮೇಡಂ

ಆ ವಾರ ಕಳೆದ್ಮೇಲೆ ಅಮ್ಮಂಗೆ ಗ್ಯಾರಂಟಿ ಆಯ್ತು, ಅಪ್ಪ ಪೂರ್ತಿ ಮನೇಲಿ ಕೂರೋದ್ರೊಳಗೆ ತಾನು ಆಚೆ ಹೋಗ್ಲೇಬೇಕು ಅಂತ. ಅಶೋಕಪುರಂನಲ್ಲಿ ಒಂದು ಮಳಿಗೆ ಖಾಲಿ ಇದೆ ಅಂತ ಗೊತ್ತಾಗಿ, ನನ್ನೂ ಕರ್ಕೊಂಡು ಹೊರಟ್ಲು. ಹತ್ತಿದ ಬಸ್ಸು ನೋಡಿದ್ರೆ ಅಪ್ಪಂದೇ!

ಹೆಂಗಸರಿಗೆ ಟಿಕೆಟ್ ಫ್ರೀ, ಆದ್ರೆ ಗುರುತಿನ ಚೀಟಿ ತೋರಿಸ್ಬೇಕು. ಡ್ಯೂಟಿಲಿ ಅಪ್ಪ ಯಾರಪ್ಪನ ಮಾತೂ ಕೇಳಲ್ಲ. ಅಮ್ಮನ ಮುಂದೆ ನಿಂತು, "ಆಧಾರ್ ತೋರ್ಸಿ ಮೇಡಂ" ಅಂದ್ರು.

"ರೀ, ಬೆಳಿಗ್ಗೆ ತಾನೇ ನನ್ ಕೈಲಿ ಉಪ್ಪಿಟ್ಟು ತಿಂದ್ ಬಂದಿದೀರ, ಗುರ್ತು ಸಿಗ್ಲಿಲ್ವಾ?"

"ರೂಲ್ಸು ಮೇಡಂ. ಎಲ್ಲಿಗೆ?"

"ಅಂಗಡಿ ನೋಡಕ್ಕೆ."

"ಸ್ಟಾಪ್ ಹೆಸ್ರು ಹೇಳಿ."

ಅಮ್ಮ ಕಾರ್ಡ್ ಕೈಗಿಟ್ಟು ಅಪ್ಪನ್ನ ದುರುಗುಟ್ಕೊಂಡು ನೋಡಿದ್ಲು. ಅಪ್ಪ ಕಾರ್ಡ್ ನೋಡಿದ್ರು, ಅಮ್ಮನ ಮುಖ ನೋಡಿದ್ರು. "ಹಾಂ, ಈಗ ಫೋಟೋ ಸರಿಯಾಗಿ ಹೊಂದ್ತು."

ಕೊನೇ ಟ್ರಿಪ್ಪು

ಬಂದೇಬಿಡ್ತು ಕೊನೇ ದಿನ. ಡಿಪೋದವ್ರು ಬಸ್ಸಿಗೆ ಚೆಂಡುಹೂ ಕಟ್ಟಿದ್ರು. ಸಿಟಿ ಬಸ್ ಸ್ಟ್ಯಾಂಡಲ್ಲಿ ಮೈಸೂರು ಪೇಟ, ಶಾಲು, ಹಾರ ಹಿಡ್ಕೊಂಡು ಕಾಯ್ತಿದ್ರು. ಎದುರುಮನೆ ಅಂಕಲ್ಲೂ ಬಂದಿದ್ರು. ಬಸ್ ಬರೋ ಕಡೇನೇ ಇನ್ನೊಂದು ಸೈಟ್ ಹುಡುಕಿಟ್ಟಿದ್ರು, ಅವತ್ತೇ ಮಾತು ಮುಗಿಸ್ಬೇಕು ಅಂತ ಎಲ್ರಿಗಿಂತ ದೊಡ್ಡ ಹಾರ ತಂದಿದ್ರು. ನಾನು ಅಮ್ಮನ ಮುಖ ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸ್ಕೊತಿದ್ಲು.

ಬಸ್ ಬಂದು ನಿಲ್ತು. ಅಪ್ಪ ಮೆಟ್ಟಿಲ ಮೇಲೆ ಬಂದು ಕೈ ಮುಗಿದ್ರು. ಎಲ್ರೂ ಚಪ್ಪಾಳೆ. ಅಮ್ಮ ಹಾರಗಳ ಮಧ್ಯ ನುಗ್ಗಿ ಮುಂದೆ ಹೋಗಿ ಕೈ ಚಾಚಿದ್ಲು.

"ಕಂಡಕ್ಟ್ರೇ, ನಮ್ ಚಿಲ್ಲರೆ ಬರ್ಬೇಕಿತ್ತು."

ಚಪ್ಪಾಳೆ ನಿಂತೋಯ್ತು. ಚಿಲ್ಲರೆ ಅಂದ್ರೆ ಸಾಕು ನೋಡಿ, ಬಸ್ಸಲ್ಲಿದ್ದ ಪ್ಯಾಸೆಂಜರ್ಸೆಲ್ಲ ಅಮ್ಮನ ಪಾರ್ಟಿ! "ಕೊಟ್ಬುಡಿ ಸಾರ್!" "ನಿಮ್ಮೋರು ಯಾವಾಗ್ಲೂ ಇಂಗೇ!" ಒಬ್ರು ಅಜ್ಜ ಕಿಟಕಿಯಿಂದ ತಲೆ ಹಾಕಿ, "ಎಷ್ಟು ಬರ್ಬೇಕಮ್ಮ?" ಅಂದ್ರು.

"ಒಂದು ಅಂಗಡಿ ತಾತ!"

ಅಪ್ಪ ಇಟ್ಟ ಕಾಲು ಮೇಲಕ್ಕೆ ತಗೊಂಡ್ರು. "ನಾನಿನ್ನೂ ಇಳಿದೇ ಇಲ್ವಲ್ಲೇ!"

"ಬಾಗ್ಲಲ್ಲಿ ನಿಲ್ಬೇಡಿ," ಅಂದ್ಲು ಅಮ್ಮ. "ಇಳೀರಿ, ಇಳೀರಿ!"

ಹಿಂದಿದ್ದೋರೂ "ಇಳೀರಿ ಸಾರ್, ಇಳೀರಿ" ಅಂತ ತಳ್ಳಿದ್ರು. ಅಪ್ಪ ಇಳಿದ್ರು. ಒಂದು ಗಳಿಗೆ ಅಮ್ಮನ ಕೈಯನ್ನೇ ನೋಡಿದ್ರು. ಆಮೇಲೆ ಹೆಗಲಿನ ಚರ್ಮದ ಬ್ಯಾಗಲ್ಲಿ ಹುಡುಕಿ, ಬರಿಗೈನ ಅವಳ ಅಂಗೈ ಮೇಲಿಟ್ಟು, "ದುಡ್ಡು ಬಂದ ದಿನಾನೇ ಅಡ್ವಾನ್ಸ್ ಕೊಡೋಣ. ಆಯ್ತಾ?" ಅಂದ್ರು.

ಅಂಕಲ್ ಹಾರ ಎತ್ಕೊಂಡು ಓಡಿ ಬಂದ್ರು. "ಸಾರ್, ಸಾರ್, ನಮ್ ಸೈಟು?"

ಅಪ್ಪ ಸೀಟಿ ಊದಿ, ಸರ್ವೀಸಲ್ಲಿ ಕೊನೇ ಸಲ ಕಂಡಕ್ಟರುಗಳ ಆ ಮಾಮೂಲಿ ಸುಳ್ಳು ಹೇಳಿದ್ರು. "ಇದು ಫುಲ್ಲಾಯ್ತು ಸಾರ್. ಹಿಂದೆ ಒಂದು ಬರ್ತಿದೆ, ಪೂರ್ತಿ ಖಾಲಿ ಇದೆ, ಅದ್ರಲ್ಲಿ ಬನ್ನಿ!"