ಇಂಗ್ಲಿಷ್ ಕಾಲನಿಯ ಮನೆಗೆ ಐಬು ಹುಡುಕಿದ್ದು

ಬಾಡಿಗೆ ಮನೆಯಲ್ಲಿರುವವನಿಗೆ ಗೋಡೆಗೆ ಮೊಳೆ ಹೊಡೆಯುವ ಭಯ. ಸ್ವಂತ ಮನೆ ಕೊಳ್ಳಲು ಹೊರಟವನಿಗೆ ಬಾಯಿ ತೆರೆಯುವ ಭಯ. ಎರಡನ್ನೂ ಅನುಭವಿಸಿದವನಾಗಿ ಹೇಳುತ್ತೇನೆ, ಮೊದಲನೆಯದೇ ವಾಸಿ. ನಾನು ಹುಟ್ಟಾ ಪುಕ್ಕಲ. ಬಸ್ಸು ಹತ್ತಿ ಕುಳಿತ ಮೇಲೂ ಇದು ನಮ್ಮೂರಿಗೇ ಹೋಗುತ್ತದೆಯೇ ಎಂದು ಇಬ್ಬರನ್ನಾದರೂ ಕೇಳಬೇಕು. ಇಬ್ಬರೂ ಹೌದೆಂದರೆ, ಪಾಪ, ಇವರೂ ತಪ್ಪು ಬಸ್ಸು ಹತ್ತಿದ್ದಾರೋ ಏನೋ ಎಂಬ ಚಿಂತೆ ಶುರುವಾಗುತ್ತದೆ. ಇಂಥ ಮಾಸ್ತರನೊಬ್ಬ ಮನೆ ಕೊಳ್ಳಲು ಹೊರಟದ್ದು ಬೇರೆ ದಾರಿಯಿಲ್ಲದೆ. ಬೆಟಗೇರಿಯ ನಮ್ಮ ಬಾಡಿಗೆ ಮನೆಯ ಎಡಕ್ಕೂ ಬಲಕ್ಕೂ ಮಗ್ಗಗಳು. ಆ ಸದ್ದಿನಲ್ಲಿ ನಾನೂ ನನ್ನ ಹೆಂಡತಿ ಗಿರಿಜಾಳೂ ಆಡುವ ಮಾತು ಬೀದಿಯವರಿಗೆ ಜಗಳದಂತೆ ಕೇಳಿಸುತ್ತಿತ್ತು. ಎಷ್ಟೋ ಸಲ ಅದು ಜಗಳವೇ ಆಗಿರುತ್ತಿತ್ತು ಎನ್ನುವುದು ಬೇರೆ ಮಾತು. ಈಗ ಮನೆಯ ಮಾಲೀಕರು ಮಗನ ಮದುವೆ ಗೊತ್ತಾಗಿದೆ, ಯುಗಾದಿಯೊಳಗೆ ಬಿಟ್ಟುಕೊಡಿ ಎಂದಿದ್ದರು. ಆವತ್ತಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

ನಾಗಾವಿಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಬಡಾವಣೆ ಇದೆ. ಕಮಾನಿನ ಮೇಲೆ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರು ಬರೆದಿದ್ದಾರೆ. ನಾಲಿಗೆ ಹೊರಳದ ಆಟೋದವರು ಅದನ್ನು ‘ಇಂಗ್ಲಿಷ್ ಕಾಲನಿ’ ಎಂದೇ ಕರೆಯುತ್ತಾರೆ. ಇಳಿಜಾರು ಕೆಂಪು ಮಾಡಿನ ಒಂದೇ ಬಗೆಯ ಮನೆಗಳು, ಮಾಡಿನ ಮೇಲೆ ಹೊಗೆಗೂಡು, ಮುಂದೆ ಕಂಪೌಂಡಿನ ಬದಲು ಹುಲ್ಲು. ಬೀದಿಗಳಿಗೆಲ್ಲ ನಮ್ಮ ಬಿಸಿಲಿಗೆ ಒಂದು ದಿನವೂ ಬಾಳದ ಹೂಗಳ ಹೆಸರು. ಅಲ್ಲಿ ಮುಂಡರಗಿಯ ಶಂಕ್ರಪ್ಪನವರು ಮನೆ ಮಾರುತ್ತಾರೆಂದು ತಿಳಿಯಿತು. ಶೇಂಗಾ ವ್ಯಾಪಾರ ಮಾಡಿ ಸಾಕಾಗಿ ಇಲ್ಲಿಗೆ ಬಂದವರು, ಈಗ ಇಲ್ಲಿಯೂ ಸಾಕಾಗಿ ಮುಂಡರಗಿಗೆ ಮರಳುವವರಿದ್ದರು. “ಇಲ್ಲೆ ಮಂದಿ ನಕ್ಕ ಹೋಗ್ತಾರ್ರಿ, ನಿಂತು ಒಂದ ಮಾತಾಡಂಗಿಲ್ಲ,” ಎನ್ನುವುದು ಅವರ ದೂರು.

ಮನೆ ನೋಡಲು ಹೋದ ದಿನ ಆ ಕಮಾನು ಕಂಡೇ ನನ್ನ ಎದೆ ಅರ್ಧ ಕುಗ್ಗಿತ್ತು. ಇಂಗ್ಲಿಷ್ ಕಾಲನಿಯಲ್ಲಿ ನಾಜೂಕಾಗಿ ನಡೆದುಕೊಳ್ಳಬೇಕಲ್ಲವೇ? ಹೊಸ್ತಿಲು ದಾಟುವ ಮೊದಲೇ ಹೊಸ್ತಿಲನ್ನು ಹೊಗಳಿದೆ. ಕಿಟಕಿಯನ್ನು ಹೊಗಳಿದೆ, ನಲ್ಲಿಯನ್ನು ಹೊಗಳಿದೆ, ಮೆಟ್ಟಿಲು ಹತ್ತುತ್ತ ಹೊಗಳಿದೆ, ಇಳಿಯುತ್ತ ಇನ್ನೊಮ್ಮೆ ಹೊಗಳಿದೆ. ಹೊಗಳಲು ಏನೂ ಉಳಿಯದಿದ್ದಾಗ ಕಾಲೊರಸುವ ಚಾಪೆಯ ಬಣ್ಣವನ್ನು ಕೊಂಡಾಡಿದೆ. ಗಿರಿಜಾಳೂ ‘ಭಾಳ ಚಂದ ಐತ್ರಿ’ ಎಂದು ದನಿಗೂಡಿಸಿದಳು. ಶಂಕ್ರಪ್ಪನವರು ಗಿರ್ಮಿಟ್ ತಿನ್ನಿಸಿ, ಚಹಾ ಕುಡಿಸಿ, “ಭಾಳ ಸಂತೋಷಾತ್ರಿ ಮಾಸ್ತರ, ಹಿಂಗ ಬರ್ಕೋತ ಇರ್ರಿ,” ಎಂದು ಬಾಗಿಲತನಕ ಬಂದು ಕಳಿಸಿದರು. ವ್ಯಾಪಾರದ ಮಾತನ್ನೇ ಎತ್ತಲಿಲ್ಲ.

ಆಮೇಲೆ ಸುದ್ದಿಯೇ ಇಲ್ಲ. ನಾನು ಕಾರಣಗಳನ್ನು ಹುಡುಕಿ ಹುಡುಕಿ ಸೊರಗಿದೆ. ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿದದ್ದು ಅವರಿಗೆ ಹಿಡಿಸಲಿಲ್ಲವೇ? ಕೊನೆಗೆ ಗಿರಿಜಾಳೇ ನನ್ನ ಕೈಯಿಂದ ಫೋನು ಹಚ್ಚಿಸಿದಳು.

“ಅಯ್ಯ ಮಾಸ್ತರ, ನಿಮಗ ಖರೇನ ಮನಿ ಬೇಕಾಗಿತ್ತೇನ್ರಿ?” ಶಂಕ್ರಪ್ಪನವರಿಗೆ ಆಶ್ಚರ್ಯ. “ನಾ ಸುಮ್ನ ಮಾತಾಡ್ಸಾಕ ಬಂದೀರಿ ಅಂತ ತಿಳಕೊಂಡೆ. ಒಂದರ ಐಬು ತಗೀಲಿಲ್ಲಲ್ರಿ ನೀವು! ಬೇಕಾದಾವ್ರು ಹಂಗ ಹೊಗಳ್ತಾರೇನು? ಲಕ್ಷ್ಮೇಶ್ವರದ ಅರಿವಿ ಅಂಗಡಿಯವ್ರು ನೋಡ್ರಿ, ಎರಡ ಸಲ ಬಂದು ಇದೇನ್ ಮನಿನೋ ಕೋಳಿಗೂಡೋ ಅಂತ ಬೈದ ಹೋಗ್ಯಾರ. ಅವರಿಗೆ ಮನಸೈತಿ. ನಾಳೆ ಬಂದು ಮಾತು ಮುಗಸ್ತಾರ.”

ನಮ್ಮ ಕಡೆಯ ಈ ರೀತಿ ನನಗೆ ಗೊತ್ತಿಲ್ಲದ್ದೇನಲ್ಲ. ಶೇಂಗಾ ಕೊಳ್ಳುವವನು ಎರಡು ಕಾಳು ಬಾಯಿಗೆ ಹಾಕಿಕೊಂಡು ಕಷಾಯ ಕುಡಿದವನಂತೆ ಮುಖ ಮಾಡುತ್ತಾನೆ. ‘ಛಲೋ ಅದಾವು’ ಎಂದವನು ಮುಂದಿನ ಅಂಗಡಿಗೆ ಹೋಗುತ್ತಾನೆ. ಗಿರಿಜಾ ಕೂಡ ಅಂಚು ಸರಿಯಿಲ್ಲ, ಬಣ್ಣ ನಿಲ್ಲುವುದಿಲ್ಲ ಎಂದು ಮೂಗು ಮುರಿದ ಸೀರೆಯನ್ನೇ ಕಟ್ಟಿಸಿಕೊಂಡು ಬರುತ್ತಾಳೆ. ಇಷ್ಟೆಲ್ಲ ತಿಳಿದೂ ಕಮಾನಿನ ಇಂಗ್ಲಿಷಿಗೆ ಬೆದರಿ ಮೋಸಹೋಗಿದ್ದೆ. ಸ್ಕೂಟರ್ ಹತ್ತಿ ಇಬ್ಬರೂ ಆಗಲೇ ಓಡಿದೆವು.

ಐಬು ಕೇಳಲು ಶಂಕ್ರಪ್ಪನವರು ಕೈಕಟ್ಟಿ ನಿಂತರು. “ಹೂಂ, ಹೇಳ್ರಿ ಮಾಸ್ತರ.”

“ಬಾಗಲಾ...” ಎಂದೆ.

“ಬಾಗಲಾ ಏನಾಗೇತ್ರಿ?”

“ಒಂದೀಟು... ಅಗಲ ಆತು.”

ಅವರಿಗೆ ನನ್ನ ಮೇಲೆ ಕನಿಕರ ಬಂತು. “ಹಿತ್ತಲಕ್ಕ ಬರ್ರಿ, ಅಲ್ಲೇನರ ಸಿಗತೈತಿ,” ಎಂದು ಕೈಹಿಡಿದು ಕರೆದೊಯ್ದರು. ಅಲ್ಲಿ ನೀರಿನ ತೊಟ್ಟಿಯ ಮುಚ್ಚಳ ತೆಗೆದು ನೋಡಿದವನಿಗೆ ಒಮ್ಮೆಲೇ ಬಾಯಿ ಬಂತು. “ಇದೇನ್ರಿ ಇದು? ನಮ್ಮೂರಾಗ ನೀರು ಬರೂದ ಯಾವಾಗೋ ಒಮ್ಮೆ. ಇದರಾಗ ಒಂದ ಕೊಡಾ ಮುಳಗೂದಿಲ್ಲ! ಮ್ಯಾಲೆ ಹೊಗಿಗೂಡು ಕಟ್ಟ್ಯಾರ, ಕೆಳಗ ಒಲಿ ಎಲ್ಲೈತಿ? ಮುಂದ ಕಂಪೌಂಡ ಇಲ್ಲ, ಅಡ್ಯಾಡೂ ಆಡು ಸೀದಾ ದೇವರ ಮನಿಗೆ ಬಂದ್ರ ಯಾರ ಕೇಳಾವ್ರು? ಕುಂಡ್ರಾಕ ಒಂದ ಕಟ್ಟಿ ಇಲ್ಲ, ಇದಕ್ಕ ಮನಿ ಅಂತಾರೇನ್ರಿ?” ನಾನು ನಿಲ್ಲಿಸಲೇ ಇಲ್ಲ. ಶಂಕ್ರಪ್ಪನವರ ಮುಖ ಅರಳುತ್ತ ಹೋಯಿತು. “ಈಗ ನೋಡ್ರಿ ಗಿರಾಕಿ ಮಾತಾಡಿದ್ದು!” ಎಂದು ಅಲ್ಲೇ ದರದ ಮಾತು ಮುಗಿಸಿ, ಒಪ್ಪಿದ ಗುರುತಿಗೆ ನಮ್ಮಿಬ್ಬರ ಅಂಗೈಗೂ ಸಕ್ಕರೆ ಹಾಕಿದರು. ನಮ್ಮೆದುರಿಗೇ ಲಕ್ಷ್ಮೇಶ್ವರಕ್ಕೆ ಫೋನು ಮಾಡಿ, ಮನೆ ಹೋಯಿತೆಂದು ತಿಳಿಸಿಬಿಟ್ಟರು.

ಗಿರಿಜಾ ಮನೆಗೆ ಬಂದು ಕೂತಮೇಲೆ, “ಏನ್ರಿ, ಇಷ್ಟ ಐಬು ಇದ್ದ ಮನಿ ಯಾಕ ತೊಗೊಂಡ್ರಿ?” ಎಂದಳು.

“ಅದು ವ್ಯಾಪಾರಕ್ಕ ಅಂದದ್ದು.”

“ಒಲಿ ಇಲ್ಲದ್ದು ವ್ಯಾಪಾರಕ್ಕೇನು? ತೊಟ್ಟಿ ಸಣ್ಣದಿದ್ದದ್ದು ವ್ಯಾಪಾರಕ್ಕೇನು?”

ಹಿತ್ತಲಲ್ಲಿ ನಿಂತಾಗಲೇ ನನ್ನ ಮಾತಿಗೆ ನಾನೇ ಒಪ್ಪಿಬಿಟ್ಟಿದ್ದೆ.

ಅಂತೂ ಯುಗಾದಿಗೆ ಮೊದಲೇ ಬಂದು ಸೇರಿದೆವು. ಮಗ್ಗದ ಸದ್ದಿಲ್ಲದ ಮನೆಯಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತದೆ. ಎದುರು ಮನೆಯವರು ನಗುತ್ತಾರೆ, ಗಿರಿಜಾಳೂ ಹಾಗೆಯೇ ನಗುವುದನ್ನು ಕಲಿತಳು. ಮೊನ್ನೆ ಬೆಳಿಗ್ಗೆ ಚಹಾ ಕೊಡುತ್ತ ಆ ನಗೆಯನ್ನೇ ನಕ್ಕು, “ನೀವು ಭಾಳ ಛಲೋ ಮನಶ್ಯಾರ್ರಿ. ನಿಮ್ಮಾಗ ಒಂದ ಐಬು ಇಲ್ಲ ನೋಡ್ರಿ,” ಎಂದುಬಿಟ್ಟಳು.

ಕೈಯಲ್ಲಿದ್ದ ಬಸಿಯನ್ನು ಕೆಳಗಿಟ್ಟೆ. ಮದುವೆಯಾದಂದಿನಿಂದ ನನ್ನ ಗೊರಕೆ, ನನ್ನ ನಡಿಗೆ, ನನ್ನ ಅಕ್ಕಂದಿರು, ಯಾವುದನ್ನೂ ಬಿಡದೆ ಐಬು ತೆಗೆದವಳು ಇವಳು. ಈಗ ಏಕಾಏಕಿ ಹೊಗಳುವುದೆಂದರೆ, ಇವಳೂ ಮುಂದಿನ ಅಂಗಡಿಗೆ ಹೊರಟಳೇ? ಚಪ್ಪಲಿ ಹಾಕಿಕೊಂಡು ಅಡುಗೆಮನೆಯಲ್ಲಿ ಓಡಾಡಿದೆ. “ಇರ್ಲಿ ಬಿಡ್ರಿ,” ಎಂದು ನಕ್ಕಳು. ಅವಳ ತವರಿನ ಮಾತೆತ್ತಿ ಕೆಣಕಿದೆ, ಅದಕ್ಕೂ ನಗೆ. ಬೇರೇನೂ ತೋಚದೆ, ಸ್ನಾನ ಮಾಡಿ ಬಂದವನೇ ಒದ್ದೆ ಟವೆಲ್ಲನ್ನು ಆಗಷ್ಟೇ ಇಸ್ತ್ರಿಯಾಗಿ ಬಂದಿದ್ದ ಅವಳ ಸೀರೆಗಳ ಮೇಲೆ ಎಸೆದು, ಉಸಿರು ಬಿಗಿಹಿಡಿದು ನಿಂತೆ.

“ಯಾವ ಜನ್ಮದ ಪಾಪಕ್ಕ ಇಂಥಾ ಮನಶ್ಯಾ ಗಂಟ ಬಿದ್ದನೋ! ಕಣ್ಣ ಅದಾವೇನ್ರಿ ನಿಮಗ?” ಎಂದು ಗಿರಿಜಾ ಕೂಗಿದ್ದು ಇಡೀ ಇಂಗ್ಲಿಷ್ ಕಾಲನಿಗೆ ಕೇಳಿಸಿರಬೇಕು.

ನಾನು ಹೋಗಿ ಕುಳಿತು, ಆರಿಹೋಗಿದ್ದ ಚಹಾವನ್ನು ಸಮಾಧಾನದಿಂದ ಕುಡಿದೆ.