ಅರವತ್ತರ ಮೇಲೆ ತಗಡು

ಎಲ್ಲಾ ತಾಪತ್ರಯ ಶುರುವಾದದ್ದು ಖಲೀಲನ ಹೆಬ್ಬೆರಳಿನಿಂದ.

ಶಾಲೆಗಳಿಗೆ ಬೀಗ ಬಿದ್ದು ವರ್ಷವಾಗುತ್ತ ಬಂದಿತ್ತು. ಒಂದನೇ ತರಗತಿಯ ಭವ್ಯ ಮಿಸ್ ದಿನಾ ಬೆಳಗ್ಗೆ ಎಂಟಕ್ಕೆ ಪಾಲಕರ ವಾಟ್ಸಾಪ್ ಗುಂಪಿಗೆ ಆವತ್ತಿನ ಪಾಠ ಕಳಿಸುತ್ತಿದ್ದರು. ಪಾಠ ಬಂದ ಮರುಕ್ಷಣವೇ ಖಲೀಲ್ ಅದರ ಕೆಳಗೆ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದ. ಪಾಠವನ್ನು ತೆರೆದು ನೋಡುವ ದುರಭ್ಯಾಸ ಅವನಿಗಿರಲಿಲ್ಲ. ಎರಡು ತಿಂಗಳು ಇದೇ ನಡೆಯಿತು. ಇಡೀ ಗುಂಪಿನಲ್ಲಿ ಮೊದಲ ಹೆಬ್ಬೆರಳು ಯಾವಾಗಲೂ ಅವನದೇ ಆದ್ದರಿಂದ, "ತಮನ್ನಾಳ ತಂದೆ ಎಲ್ಲ ಪಾಲಕರಿಗೂ ಮಾದರಿ" ಎಂದು ಮಿಸ್ ಒಂದು ದಿನ ಬರೆದೂಬಿಟ್ಟರು. ಅವನ ಹೆಂಡತಿ ಬುಷ್ರಾ ಆ ಮಾತನ್ನು ತವರಿನವರಿಗೆ, ತಾನು ನರ್ಸ್ ಆಗಿದ್ದ ಆಸ್ಪತ್ರೆಯ ಜೊತೆಗಾರ್ತಿಯರಿಗೆ, ಕೊನೆಗೆ ಹಾಲು ಹಾಕುವವನಿಗೂ ತೋರಿಸಿದ್ದಳು.

ಹಾಗಂತ ಖಲೀಲ್ ಸೋಮಾರಿಯಲ್ಲ. ಶಿರಾದ ಹಳೇ ಕೋಟೆಯ ಹಿಂದಿನ ಬೀದಿಯಲ್ಲಿ ಅವನಷ್ಟು ಚೆನ್ನಾಗಿ ಶರಟು ಹೊಲಿಯುವ ದರ್ಜಿ ಇನ್ನೊಬ್ಬನಿರಲಿಲ್ಲ. ಅಂಗಡಿ ಮುಚ್ಚಿಸಿದ ಮೇಲೆ ಮೆಷಿನನ್ನು ಮನೆಯ ಪಡಸಾಲೆಗೇ ತಂದು ಹಾಕಿಕೊಂಡಿದ್ದ. ಬೆಳಗ್ಗೆ ಎಂಟರಿಂದ ಮೆಷಿನ್ ತುಳಿಯುತ್ತಿದ್ದರೆ ಮಗಳ ಪಾಠ ಯಾರಿಗೆ ನೆನಪಿರುತ್ತದೆ? ಸಂಜೆ ಬುಷ್ರಾ ಬಂದು "ಪಾಠ ಆಯ್ತಾ?" ಅಂದರೆ "ಆಯ್ತು, ಆಯ್ತು" ಅನ್ನುತ್ತಿದ್ದ. ಆರು ವರ್ಷದ ತಮನ್ನಾ ಮೆಷಿನ್ ಕೆಳಗೆ ಕೂತು ಚಿಂದಿ ಬಟ್ಟೆಗಳಿಗೆ ಹೆಸರಿಟ್ಟುಕೊಂಡು ಸುಖವಾಗಿದ್ದಳು.

ಆ ಸೋಮವಾರ ಬಂದ ಸಂದೇಶ ಮಾತ್ರ ಬೇರೆ ಥರ ಇತ್ತು. ಅದನ್ನು ಓದಿದ್ದು ಬುಷ್ರಾ.

"ಇವತ್ತು ಮಿಸ್ ಎಲ್ಲಾ ಮಕ್ಕಳ ಮನೆಗೂ ವಿಡಿಯೋ ಕಾಲ್ ಮಾಡ್ತಾರಂತೆ. ಮಗು ಒಂದ್ರಿಂದ ನೂರು ಹೇಳ್ಬೇಕಂತೆ. ಮಾದರಿ ಪಾಲಕರ ಮನೆಗೆ ಕೊನೇಲಿ, ನಾಲ್ಕು ಗಂಟೆಗೆ!" ಅವಳ ಮುಖ ಅರಳಿತು. "ನಾನೂ ಆಸ್ಪತ್ರೇಲಿ ಕೇಳ್ಕೊಂಡು ಅಷ್ಟೊತ್ತಿಗೆ ಬಂದ್ಬಿಡ್ತೀನಿ ಜೀ. ನಮ್ಮ ತಮನ್ನಾ ಹೇಳೋದು ನಾನು ಕೇಳಲೇಬೇಕು."

ಅವಳು ಹೋದ ಮೇಲೆ ಖಲೀಲ್ ಮೆಷಿನ್ ನಿಲ್ಲಿಸಿದ. ಕೊರೋನಾ ವಾರ್ಡಿನ ಕೆಲಸಕ್ಕೆ ಹಾಕಿದಾಗ ಬುಷ್ರಾ ಅವನನ್ನು ಒಂದೇ ಒಂದು ಮಾತು ಕೇಳಿದ್ದಳು: ಮಗುವಿನ ಓದು ನೀವು ನೋಡ್ಕೊಳ್ತೀರಾ? ಅವನು ಎದೆ ಮುಟ್ಟಿಕೊಂಡು ಹೂಂ ಅಂದಿದ್ದ. ಅವಳು ಬೈದರೆ ತಡೆದುಕೊಳ್ಳಬಹುದಿತ್ತು. ಆದರೆ ಅವಳು ಬೈಯುವವಳಲ್ಲ, ಸುಮ್ಮನಾಗುವವಳು. ಅದನ್ನು ನೆನೆದು ಅವನಿಗೆ ಭಯವಾಯಿತು. ನಾಚಿಕೆಯೂ ಆಯಿತು.

"ತಮನ್ನಾ, ಬೇಟಿ, ಬಾ ಇಲ್ಲಿ. ನಿಂಗೆ ಎಷ್ಟರ ತನಕ ಎಣಿಸೋಕೆ ಬರುತ್ತೆ?" ಮನೆಯಲ್ಲಿ ಉರ್ದು ಆಡಿದರೂ ಶಾಲೆಯ ಮಾತು ಬಂದರೆ ಅಪ್ಪ ಮಗಳು ಕನ್ನಡಕ್ಕೆ ತಿರುಗುತ್ತಿದ್ದರು.

ಮಗಳು ಗೂಟಕ್ಕೆ ನೇತುಹಾಕಿದ್ದ ಅಳತೆ ಟೇಪನ್ನು ಎಳೆದುಕೊಂಡಳು. ಬೆರಳಿಟ್ಟು "ಒಂದು, ಎರಡು, ಮೂರು" ಅಂತ ಶುರು ಮಾಡಿ, ಎಲ್ಲೂ ಎಡವದೆ ಅರವತ್ತರವರೆಗೆ ಓಡಿದಳು. ಖಲೀಲನಿಗೆ ಕಣ್ಣು ತುಂಬಿ ಬಂತು. ತಾನು ಕಲಿಸದೇ ಇಷ್ಟು ಕಲಿತಿದೆ, ಇನ್ನು ಕಲಿಸಿದ್ದರೆ!

"ಶಾಬಾಷ್! ಅರವತ್ತಾದ ಮೇಲೆ?"

"ತಗಡು," ಅಂದಳು ತಮನ್ನಾ. ಟೇಪಿನ ತುದಿಗೆ ಕಚ್ಚಿಸಿದ್ದ ತಗಡಿನ ಚೂರನ್ನು ತೋರಿಸಿದಳು.

"ತಗಡಲ್ಲ ಬೇಟಿ, ಅರವತ್ತೊಂದು."

"ಇಲ್ಲ ಅಬ್ಬಾ. ನೋಡು, ಮುಗೀತು."

ಅರವತ್ತು ಇಂಚಿನ ಆ ಟೇಪಿನ ಹಿಂಬದಿಯಲ್ಲಿ ಸೆಂಟಿಮೀಟರಿನ ಅಂಕಿಗಳು ನೂರೈವತ್ತರವರೆಗೆ ಇರಬೇಕಿತ್ತು. ಹದಿನೈದು ವರ್ಷ ಖಲೀಲನ ಕುತ್ತಿಗೆಗೆ ಉಜ್ಜಿ ಉಜ್ಜಿ ಅವೆಲ್ಲ ಸವೆದುಹೋಗಿದ್ದವು. ದರ್ಜಿಯ ತಲೆಗೆ ಕಷ್ಟಕಾಲದಲ್ಲಿ ಹೊಳೆಯುವುದು ಹೊಲಿಗೆಯೇ. ಪೆಟ್ಟಿಗೆಯಿಂದ ಇನ್ನೊಂದು ಹಳೇ ಟೇಪು ತೆಗೆದು, ಮೊದಲನೆಯದರ ತಗಡು ಕಿತ್ತು, ಎರಡನ್ನೂ ಮೆಷಿನಿಗೆ ಕೊಟ್ಟು ಚಕಚಕನೆ ಸೇರಿಸಿಬಿಟ್ಟ. ಮಗಳು ಮತ್ತೆ ಬೆರಳಿಟ್ಟಳು.

"ಐವತ್ತೊಂಬತ್ತು, ಅರವತ್ತು, ಒಂದು, ಎರಡು..."

ಖಲೀಲ್ ತಲೆಯ ಮೇಲೆ ಕೈಹೊತ್ತು ಕೂತ. ಮಾಡಿದ ಕೆಲಸ ಹಾಳಾಯಿತಲ್ಲ ಎಂಬ ಸಿಟ್ಟಿಗೆ ಸ್ವಲ್ಪ ಜೋರಾಗಿಯೇ ಗದರಿದ. ತಮನ್ನಾ ಅದಕ್ಕಿಂತ ಜೋರಾಗಿ ಅತ್ತಳು.

ಎದುರು ಮನೆಯ ಶಂಕರಲಿಂಗಪ್ಪನವರಿಗೆ ಅಷ್ಟು ಸಾಕಾಗಿತ್ತು. ಕಡಲೇಕಾಯಿ ಮಂಡಿಯ ಯಜಮಾನರು. ಮಂಡಿಗೆ ಬೀಗ ಬಿದ್ದ ಮೇಲೆ ಬೀದಿಯ ಸಮಸ್ಯೆಗಳನ್ನೇ ಅಳೆದು ಕಾಲ ಹಾಕುತ್ತಿದ್ದರು. ಮಾಸ್ಕ್ ಏರಿಸಿಕೊಂಡು ಬಂದೇಬಿಟ್ಟರು.

"ಏನ್ಲಾ ಖಲೀಲ, ಬೆಳ್‌ಬೆಳಗ್ಗೆ ಮಗೀನ ಅಳಿಸ್ಬುಟ್ಟೆ?"

ಖಲೀಲ್ ಗುಟ್ಟಾಗಿ ಎಲ್ಲವನ್ನೂ ಹೇಳಿಕೊಂಡ. "ಬುಷ್ರಾಗೆ ಗೊತ್ತಾಗ್ಬಾರ್ದು ಯಜಮಾನ್ರೇ, ನಿಮ್ ಕಾಲಿಗೆ ಬೀಳ್ತೀನಿ."

"ಇಷ್ಟೇ ತಾನೆ? ನಲವತ್ತು ವರ್ಷ ಎಣಿಸಿದೀನಿ ಕಣ್ಲಾ ನಾನು. ಒಂದು ಸೇರು ತತ್ತಾ, ಕಡ್ಲೆಕಾಯಿ ತತ್ತಾ."

ಅವರು ತಮನ್ನಾಳ ಮುಂದೆ ಕಡಲೇಕಾಯಿ ಸುರುವಿ, ಸೇರಿನಲ್ಲಿ ತುಂಬಿ ತುಂಬಿ ಹಾಕುತ್ತ ರಾಗವಾಗಿ ಎಣಿಸತೊಡಗಿದರು: "ಲಾಭಾ... ಎರಡೂ... ಮೂರೂ..."

"ಯಜಮಾನ್ರೇ, ಒಂದು ಅನ್ನಿ!"

"ಥೂ, ಅಪಶಕುನ! ಯಾವನಾದ್ರೂ ಮೊದಲ್ನೇ ಸೇರಿಗೆ ಒಂದು ಅಂತಾನೇನ್ಲಾ? ಮಂಡೀಲಿ ನಮ್ಮಪ್ಪನೂ ಲಾಭ ಅಂದೋರು, ನಮ್ಮ ತಾತನೂ ಲಾಭ ಅಂದೋರು. ಹೇಳು ಮಗಾ, ಲಾಭ."

"ಲಾಭ!" ಅಂದಳು ತಮನ್ನಾ ಸಂತೋಷದಿಂದ. ಬಾಯಲ್ಲಿ ಆಗಲೇ ನಾಲ್ಕು ಕಡಲೇಕಾಯಿ ಇದ್ದವು.

ಈ ರಾಗಕ್ಕೆ ಲಕ್ಕಮ್ಮ ಬಂದಳು. ಐ.ಡಿ.ಹಳ್ಳಿ ಕಡೆಯ ಹೆಂಗಸು, ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ನಿಂಬೆಹಣ್ಣು ಮಾರುವವಳು. ಬುಟ್ಟಿ ಇಳಿಸಿ, ಮಾಸ್ಕನ್ನು ಗಲ್ಲಕ್ಕೆ ಸರಿಸಿ, ವಿಷಯ ತಿಳಿದುಕೊಂಡಳು.

"ಅಯ್ಯೋ ಬುಡ್ರಪ್ಪ, ಗಂಡಸ್ರು ಮಗೀಗೆ ಇಂಗಾ ಹೇಳ್ಕೊಡೋದು? ಅರವತ್ತು ಅಂದ್ರೆ ಮೂರಿಪ್ಪತ್ತು. ಅದರ ಮ್ಯಾಲೆ ಒಂದು. ನೂರು ಅಂದ್ರೆ ಐದಿಪ್ಪತ್ತು. ಇಪ್ಪತ್ತು ಗೊತ್ತಾದ್ರೆ ಪರಪಂಚನೇ ಗೊತ್ತಾದಂಗೆ ಕಣಮ್ಮ."

ತಮನ್ನಾಳಿಗೆ ಇದಂತೂ ಬಹಳ ಹಿಡಿಸಿತು. ಇಪ್ಪತ್ತು ಇಪ್ಪತ್ತು ನಿಂಬೆಹಣ್ಣಿನ ಗುಡ್ಡೆ ಮಾಡಿ ಪಡಸಾಲೆ ತುಂಬ ಉರುಳಿಸಿದಳು. ಮಧ್ಯಾಹ್ನದ ಊಟವನ್ನೂ ಮರೆತು ಇಬ್ಬರು ಗುರುಗಳು ಜಗಳವಾಡುತ್ತ ಕಲಿಸಿದರು. ಮೆಷಿನ್ ಸುಮ್ಮನಾಗಿತ್ತು. ಖಲೀಲ್ ಕಡಲೇಕಾಯಿ ಸಿಪ್ಪೆ ಗುಡಿಸುತ್ತ ದೇವರನ್ನು ನೆನೆಯುತ್ತಿದ್ದ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವನು ಫೋನನ್ನು ಮೆಷಿನಿಗೆ ಒರಗಿಸಿಟ್ಟ. ಗುರುಗಳಿಬ್ಬರೂ ಅಡುಗೆಮನೆಯ ಪರದೆಯ ಹಿಂದೆ ನಿಂತರು. ಎಲ್ಲಾದರೂ ತಪ್ಪಿದರೆ ಮೆಲ್ಲಗೆ ಹೇಳಿಕೊಡುವುದೆಂದು ಮಾತಾಗಿತ್ತು. ಊರಿಗೆಲ್ಲ ಅಳೆದು ಹೊಲಿಯುವವನ ಮನೆಯ ಪರದೆ ಮಾತ್ರ ಒಂದು ಗೇಣು ಗಿಡ್ಡ. ಅದರ ಕೆಳಗೆ ಶಂಕರಲಿಂಗಪ್ಪನವರ ಪಂಚೆಯ ಅಂಚೂ ಲಕ್ಕಮ್ಮನ ಕಾಲುಂಗುರವೂ ಚೆನ್ನಾಗಿ ಕಾಣುತ್ತಿದ್ದವು. ಗಾಬರಿಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಸರಿಯಾಗಿ ನಾಲ್ಕಕ್ಕೆ ಭವ್ಯ ಮಿಸ್ ಮುಖ ಮೂಡಿತು.

"ತಮನ್ನಾ, ಹೇಗಿದೀಯಮ್ಮ? ಎಲ್ಲಿ, ಒಂದರಿಂದ ಹೇಳು ನೋಡೋಣ."

"ಲಾಭ," ಅಂದಳು ತಮನ್ನಾ.

ಮಿಸ್ ಹುಬ್ಬು ಮೇಲೇರಿತು. ಖಲೀಲನ ಪ್ರಾಣ ಕೆಳಗಿಳಿಯಿತು.

"ಎರಡು, ಮೂರು, ನಾಲ್ಕು..." ಹುಡುಗಿ ಸಲೀಸಾಗಿ ಓಡಿದಳು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಅಲ್ಲಿ ನಿಂತು, ಉಸಿರೆಳೆದುಕೊಂಡು, ಗಟ್ಟಿಯಾಗಿ ಹೇಳಿದಳು: "ತಗಡು!"

"ಮೂರಿಪ್ಪತ್ತು ಒಂದು!" ಪರದೆ ಪಿಸುಗುಟ್ಟಿತು.

"ಅರವತ್ತೊಂದು ಅನ್ನು ಮಗಾ!" ಪರದೆಯೇ ಇನ್ನೊಂದು ದನಿಯಲ್ಲಿ ಹೇಳಿತು.

"ನಿನ್ ಲೆಕ್ಕ ನಿನ್ ಮಂಡೀಲಿ ಮಡಿಕ್ಕಳಪ್ಪ!"

ತಮನ್ನಾ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಒಂದು ಸಲ ಅರವತ್ತೊಂದು, ಇನ್ನೊಂದು ಸಲ ಮೂರಿಪ್ಪತ್ತು ಎರಡು ಎಂದು ಇಬ್ಬರಿಗೂ ಸಮವಾಗಿ ಹಂಚುತ್ತ, ಕುಣಿಯುತ್ತ ಹೋಗಿ "ಐದಿಪ್ಪತ್ತು!" ಎಂದು ಮುಗಿಸಿದಳು.

"ಐದಿಪ್ಪತ್ತು ಅಂದ್ರೆ ಎಷ್ಟಮ್ಮ?" ಮಿಸ್ ದನಿ ಯಾಕೋ ನಡುಗುತ್ತಿತ್ತು.

"ನೂರು, ಮಿಸ್. ಒಂದು ಬುಟ್ಟಿ ನಿಂಬೆಹಣ್ಣು."

"ಮತ್ತೆ ನಲವತ್ನಾಲ್ಕು ಅಂದ್ರೆ?"

"ಶಂಕರಲಿಂಗಪ್ಪ ತಾತನ ಸೊಂಟ."

"ಮೂವತ್ತೆಂಟು!" ಪರದೆ ಗುಡುಗಿತು. "ಮೂವತ್ತೆಂಟು ಕಣಮ್ಮಾ, ಮಗೀಗೆ ತಪ್ಪು ಹೇಳ್ಕೊಟ್ಟವ್ನೆ!"

ಮಾನ ಕಾಪಾಡಿಕೊಳ್ಳಲು ಯಜಮಾನರು ಮುಂದೆ ನುಗ್ಗಿದರು. ಪರದೆಯ ದಾರ ಅವರ ರಭಸವನ್ನು ತಡೆಯಲಿಲ್ಲ. ಪರದೆ, ಯಜಮಾನರು, ಅವರ ಹಿಂದೆ ಲಕ್ಕಮ್ಮ, ಮೂರೂ ಒಟ್ಟಿಗೆ ಪಡಸಾಲೆಗೆ ಬಂದವು. ನಿಂಬೆಹಣ್ಣುಗಳು ದಿಕ್ಕುದಿಕ್ಕಿಗೆ ಓಡಿದವು. ಅದರಲ್ಲಿ ಒಂದು ಬಾಗಿಲವರೆಗೆ ಹೋಗಿ, ಆಗಷ್ಟೇ ಬಂದು ನಿಂತಿದ್ದ ಬುಷ್ರಾಳ ಕಾಲಿಗೆ ತಾಗಿ ನಿಂತಿತು.

ಫೋನಿನಲ್ಲಿ ಮಿಸ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಅವರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ, ಇನ್ನು ತನ್ನ ಕತೆ ಮುಗಿಯಿತು ಅಂದುಕೊಂಡ ಖಲೀಲ್. ಮಿಸ್ ಕೈ ತೆಗೆದಾಗ ನೋಡಿದರೆ ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು.

"ಖಲೀಲ್ ಅವರೇ, ಎಂಥಾ ಮನೆ ನಿಮ್ಮದು! ಇವತ್ತು ಇಪ್ಪತ್ತು ಮನೆಗೆ ಫೋನ್ ಮಾಡಿದೆ. ಎಲ್ರೂ ಟೈಮಿಲ್ಲ ಮಿಸ್ ಅಂದ್ರು. ಇಲ್ಲಿ ನೋಡಿದ್ರೆ ಒಂದು ಮಗೂಗೆ ಬೀದೀನೇ ಕೆಲಸ ಬಿಟ್ಟು ಕೂತಿದೆ. ನೂರು ಅಂದ್ರೆ ಎಷ್ಟು ಅಂತ ಮುಟ್ಟಿ ನೋಡಿ ಕಲ್ತಿರೋದು ಇವಳೊಬ್ಬಳೇ." ಅವರು ಕಣ್ಣೊರೆಸಿಕೊಂಡರು. "ಬೀದಿಗೊಂದು ಮನೆ ಆರಿಸಿ ಚಿಕ್ಕ ಮಕ್ಕಳನ್ನ ದೂರ ದೂರ ಕೂರಿಸಿ ಕಲಿಸಿ ಅಂತ ಇಲಾಖೆಯವರು ನಮಗೆ ಹೇಳಿದಾರೆ. ಹತ್ತು ದಿನದಿಂದ ಹುಡುಕ್ತಿದ್ದೆ, ಈಗ ಸಿಕ್ತು. ನಾಳೆ ಬೆಳಗ್ಗೆ ಒಂಬತ್ತರಿಂದ ನಿಮ್ಮ ಬೀದಿಯ ಹದಿನಾಲ್ಕು ಮಕ್ಕಳು ನಿಮ್ಮ ಪಡಸಾಲೆಗೆ ಬರ್ತಾರೆ. ನಾನು ಫೋನಲ್ಲಿ ಪಾಠ ಹೇಳ್ತೀನಿ, ಪಕ್ಕದಲ್ಲಿ ಕೂತು ಮಾಡಿಸೋರು ನೀವು."

"ಹದಿನಾಲ್ಕಾ?" ಖಲೀಲ್ ಪಡಸಾಲೆಯನ್ನೊಮ್ಮೆ ಕಣ್ಣಲ್ಲೇ ಅಳೆದ. "ಮಿಸ್, ಜಾಗ ಇಲ್ಲ... ಮೆಷಿನ್ ಇದೆ..."

"ಮೆಷಿನ್ ಅಡುಗೆಮನೆಗೆ ಹಾಕೋಣ," ಅಂದಳು ಬುಷ್ರಾ ಬಾಗಿಲಿಂದಲೇ. ಅವಳ ಮುಖ ಅಷ್ಟು ಬೆಳಗಿದ್ದನ್ನು ಅವನು ಮದುವೆಯ ದಿನವೂ ನೋಡಿರಲಿಲ್ಲ.

"ನಾವೆಲ್ಲಾ ಇದೀವಿ ಬುಡಮ್ಮ," ಎಂದು ಶಂಕರಲಿಂಗಪ್ಪ ಎದ್ದು ಪಂಚೆ ಕೊಡವಿಕೊಂಡು, ಮಂಡಿಯಲ್ಲಿ ಇಲಿ ಸೇರಿಕೊಂಡಿರುವುದು ಥಟ್ಟನೆ ನೆನಪಾಗಿ ಹೊರಟರು. ಲಕ್ಕಮ್ಮನೂ ಸಿಕ್ಕಷ್ಟು ನಿಂಬೆಹಣ್ಣು ಬಳಿದುಕೊಂಡು ಅವರ ಹಿಂದೆಯೇ ಬುಟ್ಟಿ ಹೊತ್ತಳು.

ಖಲೀಲನಿಗೆ ಒಂದೇ ದಾರಿ ಉಳಿದಿತ್ತು. ಬೆಳಗಿನಿಂದ ಯಾವ ಗುಟ್ಟು ಮುಚ್ಚಲು ಇಷ್ಟೆಲ್ಲ ಪಾಡು ಪಟ್ಟನೋ ಅದನ್ನೇ ಹೆಂಡತಿಯ ಎದುರಿಗೆ ಕೂಗಿ ಹೇಳಿದ.

"ಮಿಸ್, ಅಲ್ಲಾನ ಆಣೆ, ನಾನು ಎರಡು ತಿಂಗಳಿಂದ ಒಂದಕ್ಷರಾನೂ ಕಲಿಸಿಲ್ಲ! ಸುಮ್ನೆ ಹೆಬ್ಬೆರಳು ಒತ್ತುತಾ ಇದ್ದೆ. ಇದೆಲ್ಲಾ ಇವತ್ತು ಬೆಳಗ್ಗೆಯಿಂದ ಮಾಡಿದ್ದು!"

"ನೋಡಿ, ಎಷ್ಟು ಸಂಕೋಚ!" ಅಂದರು ಮಿಸ್. "ತಮನ್ನಾ, ನಿಮ್ಮ ಅಬ್ಬಾ ದಿನಾ ನಿನ್ನನ್ನ ಪಕ್ಕದಲ್ಲೇ ಕೂರಿಸ್ಕೊಳ್ತಾರಾ?"

"ಹೂಂ ಮಿಸ್. ದಿನಾ ಮೆಷಿನ್ ಹತ್ರ ಕೂರಿಸ್ಕೊಳ್ತಾರೆ."

"ಇವರು ಮೊದ್ಲಿಂದ್ಲೂ ಹಿಂಗೇ ಮಿಸ್," ಬುಷ್ರಾ ಗಂಡನ ಕಡೆ ತುಂಬು ಪ್ರೀತಿಯಿಂದ ನೋಡಿದಳು. "ಮಾಡಿದ್ದನ್ನ ಹೇಳ್ಕೊಳ್ಳೋದೇ ಇಲ್ಲ."

ಖಲೀಲ್ ಸೋತ. ಎಲ್ಲ ಮುಗಿದ ಮೇಲೆ, ಕೇಳಬಾರದಿದ್ದ ಒಂದು ಪ್ರಶ್ನೆಯನ್ನು ಕೇಳಿದ.

"ಮಿಸ್, ಒಂದ್ವೇಳೆ... ಇವಳಿಗೆ ಏನೂ ಬರ್ದೇ ಇದ್ದಿದ್ರೆ?"

"ಏನಾಗ್ತಿತ್ತು? ಏನೂ ಇಲ್ಲ. ಹಿಂದೆ ಬಿದ್ದ ಮಕ್ಕಳ ಮನೆಗೆ ನಾನೇ ಬಂದು ಕಲಿಸ್ಬೇಕು ಅಂತ ಇದೆ. ಈಗ ನಿಮ್ಮ ಪಕ್ಕದ ಮನೆ ದೇವರಾಜು ಇದಾರಲ್ಲ, ಆಟೋ ಓಡಿಸೋರು, ಅವರ ಮಗಳಿಗೆ ಮೂರರ ಮೇಲೆ ಬರ್ಲಿಲ್ಲ. ಅವರು ಫೋನನ್ನ ಮಗು ಕೈಗೆ ಕೊಟ್ಟು ಮಲಗಿದ್ರು. ನಾಳೆಯಿಂದ ದಿನಾ ಎರಡು ಗಂಟೆ ಹೊತ್ತು ಅವರ ಮನೆಗೆ ನಾನೇ ಹೋಗ್ತೀನಿ. ಪಾಪ, ಅವರೇನೂ ಮಾಡಬೇಕಾಗಿಲ್ಲ."

ಕರೆ ಮುಗಿಯಿತು. ಬುಷ್ರಾ ಆಗಲೇ ಹದಿನಾಲ್ಕು ಮಕ್ಕಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ಪಡಸಾಲೆಯಲ್ಲಿ ಹೆಜ್ಜೆ ಹಾಕಿ ನೋಡುತ್ತಿದ್ದಳು. ಖಲೀಲ್ ಗೋಡೆಗೆ ಒರಗಿ ಕೂತ. ಆಚೆ ಕಡೆಯಿಂದ ದೇವರಾಜುವಿನ ಗೊರಕೆ ನೆಮ್ಮದಿಯಾಗಿ ಕೇಳಿಬರುತ್ತಿತ್ತು.